ಹೆಸರಿಲ್ಲದ ಬೇರಿನ ಪುಡಿ

ಅಪ್ಪಾ,

ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಕಾದೆ. ನೀನು ಹೋಗಿ ವರ್ಷವಾಯಿತು, ಇಳಿಯುವ ಲಕ್ಷಣವಿಲ್ಲ.

ಸಾದಲಿಯ ನಮ್ಮ ಜಗಲಿಯ ಮೇಲೆ ಮೂಲವ್ಯಾಧಿಯವರು ನಿನ್ನ ಮದ್ದಿಗಾಗಿ ಬಂದು ಕೂರುತ್ತಿದ್ದದ್ದು ನೆನಪಿದೆಯೇ? ಚಿಂತಾಮಣಿಯಿಂದಲೂ ಬರುತ್ತಿದ್ದರು. ನೀನು ಭಾನುವಾರ ಬೆಳಕು ಹರಿಯುವ ಮುಂಚೆ, ಯಾರೊಂದಿಗೂ ಮಾತಾಡದೆ ಹೋಗಿ, ಎಲೆಯನ್ನೆಲ್ಲ ಅಲ್ಲೇ ಕಿತ್ತೆಸೆದು ಬರೀ ಬೇರು ತರುತ್ತಿದ್ದೆ. ಯಾವ ಗಿಡವೆಂದು ಕೇಳಿದರೆ ಒಂದೇ ಉತ್ತರ: "ಹೆಸರೇಳಿದ್ರೆ ಮದ್ದಿನ ಗುಣ ಹೋಗ್ತದೆ ಕಣಮ್ಮ." ನಾನು ಎಂಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ಗಿಡಮೂಲಿಕೆಗಳನ್ನೇ ಪರೀಕ್ಷಿಸುವ ಪ್ರಯೋಗಾಲಯ ಸೇರಿದ ಮೇಲೂ ಅದೇ ಮಾತು. ಮಗಳಿಗೂ ಹೇಳಬಾರದೇ?

ಆಮೇಲೆ ನಿನಗೇ ರಕ್ತ ಹೋಗತೊಡಗಿತು. ಅಮ್ಮ ಎಸ್‌ಟಿಡಿ ಬೂತಿನಿಂದ ಫೋನ್ ಮಾಡದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಊರವರಿಗೆಲ್ಲ ಮೂಲವ್ಯಾಧಿ ಎಂದರೆ ನಿನಗೂ ಅದೇ ಇರಬೇಕಲ್ಲ? ವರ್ಷವಿಡೀ ನಿನ್ನ ಪುಡಿಯನ್ನೇ ನುಂಗಿದೆ. ನಾನು ನಿನ್ನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಾಗ ದೊಡ್ಡ ಕರುಳಿನ ಕ್ಯಾನ್ಸರ್ ಯಕೃತ್ತಿಗೂ ಹಬ್ಬಿತ್ತು. ಮೊದಲೇ ಬಂದಿದ್ದರೆ, ಎಂದು ಡಾಕ್ಟರು ಮಾತು ಅಲ್ಲಿಗೇ ನಿಲ್ಲಿಸಿದರು. ನಾನೂ ನಿಲ್ಲಿಸುತ್ತೇನೆ.

ನೀನು ಬಿಟ್ಟುಹೋದ ತಗಡಿನ ಡಬ್ಬಿಯ ಪುಡಿಯನ್ನು ಸಿಟ್ಟಿನಲ್ಲೇ ಪ್ರಯೋಗಾಲಯಕ್ಕೆ ಒಯ್ದೆ. ಏನೂ ಇಲ್ಲವೆಂದು ತೋರಿಸಿಬಿಡೋಣವೆಂದು. ಅದರ ಸಾರ ಹಾಕಿದ ಗಾಜಿನ ತಟ್ಟೆಯಲ್ಲಿ ಕರುಳಿನ ಕ್ಯಾನ್ಸರ್ ಕೋಶಗಳು ಬೆಳೆಯುವುದು ನಿಧಾನವಾಯಿತು. ಬೀಗಬೇಡ, ಗಾಜಿನ ತಟ್ಟೆ ಮನುಷ್ಯನಲ್ಲ. ತಟ್ಟೆಯಲ್ಲಿ ಗೆದ್ದು ದೇಹದಲ್ಲಿ ಸೋತ ಮದ್ದುಗಳೇ ಹೆಚ್ಚು. ನಿನ್ನನ್ನೂ ಅದು ಉಳಿಸಲಿಲ್ಲ. ಆದರೂ ಮುಂದೆ ನೋಡಲೇಬೇಕಿತ್ತು, ಪುಡಿ ಮುಗಿದಿತ್ತು. "ಯಾವ ಗಿಡಾನಮ್ಮ ಇದು?" ಎಂದರು ನಮ್ಮ ಪ್ರೊಫೆಸರು. ಗೊತ್ತಿಲ್ಲ ಸರ್ ಎಂದೆ. ವೈದ್ಯರ ಮಗಳು!

ಹೋದ ವಾರ ಊರಿಗೆ ಬಂದು ಅಮ್ಮನ ಮುಂದೆ ನಿನ್ನನ್ನು ಚೆನ್ನಾಗಿ ಬೈದೆ. ಅವಳು ಮೊರದಿಂದ ತಲೆ ಎತ್ತದೆ ಹೇಳಿದಳು: "ಮೂವತ್ ವರ್ಷ ಆ ಬೇರು ಕುಟ್ದೋಳು ನಾನು. ಅಂಟ್ಕೊಂಡಿದ್ದ ಎಲೆಚೂರು ನಂಗೆ ಕಾಣಲ್ವಾ? ನೀನು ಯಾವತ್ತು ನನ್ ಕೇಳ್ದೆ?"

ನಾನು ಕೇಳಿರಲಿಲ್ಲ. ನಿನ್ನ ಮಗಳೇ ಅಲ್ಲವೇ ನಾನು?

ಹಿಪ್ಪುನೇರಳೆ ತೋಟದ ಬದುವಿಗೆ ಕರೆದೊಯ್ದು ತೋರಿಸಿದಳು. ಮುಟ್ಟಿದರೆ ಮುನಿ. ರಜೆಯಲ್ಲೆಲ್ಲ ನಾನು ಕಳೆಯೆಂದು ಕಿತ್ತೆಸೆದ ಗಿಡ.

ನಾಳೆ ಹೊಸ ಬೇರು ಪರೀಕ್ಷೆಗೆ ಹೋಗುತ್ತದೆ. ಚೀಟಿಯ ಮೇಲೆ ಗಿಡದ ಹೆಸರನ್ನು ದಪ್ಪಕ್ಷರದಲ್ಲಿ ಬರೆದು, ಅಮ್ಮನಿಗೂ ಓದಿ ಹೇಳಿದ್ದೇನೆ. ಗುಣ ಹೋಗುತ್ತದೋ ಇಲ್ಲವೋ, ನೋಡಿ ತಿಳಿಸುತ್ತೇನೆ.

ನಿನ್ನ ಮಗಳು