ಭಾನುವಾರದ ಶುದ್ಧಪ್ರತಿ

ಮೌಂಟ್ ಆಲ್ಬರ್ಟ್, ಆಕ್ಲೆಂಡ್

ಸೌಭಾಗ್ಯವತಿ ವಸುಂಧರೆಗೆ, ವೀರಭದ್ರಪ್ಪ ಮೇಷ್ಟ್ರ ಆಶೀರ್ವಾದಗಳು.

ನಮ್ಮ ಕನ್ನಡ ಸಂಘದ ಯುಗಾದಿ ಸಂಚಿಕೆಗೆ ನಾನು ಬರೆದ ಲೇಖನದಲ್ಲಿ ಒಂದು ತಪ್ಪಿದೆ. ಎಡ್ವಿನ್ ಎಂಬ ಸೈನಿಕ ಶಾಲೆಯ ಹುಡುಗನು ‘ಕೊನೆಯವರೆಗೂ ಸಂತುಷ್ಟನಾಗಿದ್ದನು’ ಎಂದು ಬರೆದಿದ್ದೆ. ಅದು ಸುಳ್ಳು. ತಿದ್ದುಪಡಿಯನ್ನು ಸಂಪಾದಕರಿಗೆ ಕಳುಹಿಸುವ ಮೊದಲು ನಿನಗೆ ಬರೆಯಬೇಕಾಗಿದೆ. ಏಕೆಂದರೆ ಆ ಲೇಖನವನ್ನು ಓದಿಯೇ ನೀನು ಈಗಿರುವ ರಿಕ್ಕರ್ಟನ್‌ನಿಂದ ಫೋನು ಮಾಡಿ, ‘ಮೇಷ್ಟ್ರೇ, ನಾನು ಬಾಲು ತಂಗಿ. ನೆನಪಿದ್ಯಾ?’ ಎಂದು ಕೇಳಿದ್ದು.

ಪಕ್ಕದ ಮನೆಯ ವೃದ್ಧೆ ಮಾರ್ಗರೆಟ್‌ಳ ಮುತ್ತಜ್ಜಿಗೆ ಈ ಎಡ್ವಿನ್ ಅಣ್ಣ. ಅವನ ತಂದೆ ಸಿಪಾಯಿ. ೧೮೫೯ರಲ್ಲಿ ತಂದೆತಾಯಿ ಪುಟ್ಟ ಮಗಳೊಡನೆ ಹಡಗು ಹತ್ತಿ ಆಕ್ಲೆಂಡಿಗೆ ಬಂದರು. ಸಿಪಾಯಿಗಳ ಮಕ್ಕಳಿಗೆ ಊಟ ವಸತಿ ಕೊಡುತ್ತಿದ್ದ ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಹನ್ನೊಂದು ವರ್ಷದ ಮಗನನ್ನು ಬಿಟ್ಟು ಬಂದರು. ಅವನು ಬರೆದ ಮೂವತ್ತೊಂದು ಪತ್ರಗಳ ಹಳೆಯ ಕೈಬರಹವನ್ನು ಓದಲಾರದೆ ಮಾರ್ಗರೆಟ್ ನನ್ನ ಬಳಿ ತಂದಳು. ಒಂದರಲ್ಲಿಯೂ ದೂರಿಲ್ಲ, ಚಿತ್ತುಕಾಟಿಲ್ಲ. ನಾನು ಮೆಚ್ಚಿದೆ, ಮೆಚ್ಚಿ ಬರೆದೆ.

ಕಳೆದ ತಿಂಗಳು ಆಕೆ ಇನ್ನೊಂದು ಕಾಗದ ತಂದಳು. ಎಡ್ವಿನ್ ತನ್ನ ಅಂಗಿಯ ಹಿತ್ತಾಳೆ ಗುಂಡಿಯೊಂದನ್ನು ತಂಗಿಗೆ ಕಳುಹಿಸಿದ್ದನು. ಅದನ್ನು ಸುತ್ತಿದ್ದ ಹಾಳೆ. ಬಿಡಿಸಿ ನೋಡಿದರೆ, ಅವನ ಕೊನೆಯ ಪತ್ರದ ಕರಡು. ‘ಕೆಮ್ಮಿದರೆ ರಕ್ತ ಬರುತ್ತದೆ, ಚಿಕ್ಕಪ್ಪನಿಗೆ ಬರೆದು ನನ್ನನ್ನು ಇಲ್ಲಿಂದ ಬಿಡಿಸಿ’ ಎಂಬ ಸಾಲಿನ ಮೇಲೆ ಉಪಾಧ್ಯಾಯರ ದಪ್ಪ ಗೀಟು. ಅಂಚಿನಲ್ಲಿ, ‘ಉಲ್ಲಾಸದಿಂದ ಬರೆ.’ ಅದೇ ದಿನಾಂಕದ ಶುದ್ಧಪ್ರತಿಯಲ್ಲಿರುವುದು, ‘ನಾನು ಕ್ಷೇಮ.’ ಹಡಗು ಮೂರು ತಿಂಗಳು ತೆಗೆದುಕೊಂಡಿತು. ತಾಯಿ ಆ ಹಾಳೆಯನ್ನು ಬಿಡಿಸುವ ಹೊತ್ತಿಗೆ ಹುಡುಗನನ್ನು ಹೂಳಿ ಹತ್ತು ವಾರಗಳಾಗಿದ್ದವು.

‘ಪಾಪ, ಆ ಮೇಷ್ಟ್ರಿಗೆ ಆಮೇಲೆ ನಿದ್ದೆ ಹೇಗೆ ಬಂತೋ’ ಎಂದಳು ಮಾರ್ಗರೆಟ್. ಅಲ್ಲೇ ಕುಳಿತಿದ್ದ ನನ್ನ ಮೊಮ್ಮಗಳು ಪೂರ್ವಿ ನಕ್ಕು, ‘ನಮ್ ತಾತಾನೂ ಸೇಮ್. ನನ್ ಬರ್ತ್‌ಡೇ ಕಾರ್ಡಿಗೂ ರೆಡ್ ಪೆನ್ ಹಾಕಿದ್ರು’ ಎಂದಳು. ನಾನೂ ನಕ್ಕೆ.

ಬಾಲು ಓದಿದ ನಮ್ಮ ವಸತಿಶಾಲೆಯಲ್ಲಿಯೂ ಅದೇ ಪದ್ಧತಿ. ಭಾನುವಾರ ಹತ್ತು ಗಂಟೆಗೆ ಮಕ್ಕಳು ಮನೆಗೆ ಬರೆಯುವ ಪತ್ರದ ಕರಡನ್ನು ಹಿಡಿದು ನನ್ನ ಮೇಜಿನ ಎಡಗಡೆ ಸಾಲಾಗಿ ನಿಲ್ಲುವರು. ನಾನು ಕೆಂಪು ಶಾಯಿಯಲ್ಲಿ ತಿದ್ದಿದ ಮೇಲೆ ಅದನ್ನು ಇನ್‌ಲ್ಯಾಂಡ್ ಪತ್ರಕ್ಕೆ ಇಳಿಸುವರು. ಮನೆಯವರಿಗೆ ಕಳವಳವಾಗುವ ಮಾತು ಇರಕೂಡದು ಎಂಬುದು ನಾನೇ ಮಾಡಿದ ನಿಯಮ. ಈಗ ಭಾನುವಾರ ಹತ್ತಾದರೆ ನನ್ನ ಎಡಗಡೆ ಯಾರೋ ಸರದಿಗೆ ಕಾಯುತ್ತಿರುತ್ತಾರೆ. ತಿರುಗಿದರೆ ಕಿಟಕಿ, ಆಚೆ ರೈಲಿನ ಹಳಿ. ಉಸಿರು ಮಾತ್ರ ಕೇಳಿಸುತ್ತದೆ; ನೋವು ತಡೆದು ನಿಂತವರ ಗಿಡ್ಡ ಉಸಿರು.

ಲೇಖನ ಓದಿ ಮಾತಾಡಿದ ದಿನ ನೀನು ಫೋನನ್ನು ನಿನ್ನ ತಾಯಿ ಜಯಲಕ್ಷ್ಮಮ್ಮನವರಿಗೆ ಕೊಟ್ಟೆ. ಅವರು ಹೇಳಿದ್ದು ಇಷ್ಟು: ‘ನಮ್ ಬಾಲು ಕಾಗದಾನೂ ಹಿಂಗೇ ಇರ್ತಿತ್ತು ಮೇಷ್ಟ್ರೇ, ಮುತ್ತಿನಂಗೆ. ಸಾಯೋ ವಾರಾನೂ ಚೆನ್ನಾಗಿದೀನಿ ಅಂತಾನೇ ಬರೆದ. ಒಂದ್ ಮಾತು ಹಾಕಿದ್ರೆ ಅವರಪ್ಪ ಓಡ್ಬರ್ತಿರ್ಲಿಲ್ವಾ? ಹೆತ್ತೋಳ್ ಹತ್ರಾನೂ ಮುಚ್ಚಿಟ್ಬಿಟ್ಟ.’

ನಾನು ‘ಹೌದಮ್ಮ’ ಎಂದೆ.

ಮೂವತ್ತಮೂರು ವರ್ಷಗಳಿಂದ ಅವರು ಸತ್ತ ಮಗನ ಮೇಲೆ ಇಟ್ಟುಕೊಂಡಿರುವ ಈ ಮುನಿಸು ಅನ್ಯಾಯದ್ದು. ಬಾಲು ಮುಚ್ಚಿಡಲಿಲ್ಲ. ೧೯೮೧ರ ಆ ಭಾನುವಾರದ ಕರಡಿನಲ್ಲಿ ಅವನ ದುಂಡನೆಯ ಅಕ್ಷರಗಳಲ್ಲಿ ಎರಡು ವಾಕ್ಯಗಳಿದ್ದವು: ‘ಅಮ್ಮ, ಹೊಟ್ಟೆ ಬಹಳ ನೋಯುತ್ತಿದೆ. ಅಪ್ಪನನ್ನು ಕಳಿಸು, ಮನೆಗೆ ಬರುತ್ತೇನೆ.’ ಅವುಗಳನ್ನು ಹೊಡೆದುಹಾಕಿದವನು ನಾನು. ‘ಚೆನ್ನಾಗಿದ್ದೇನೆ’ ಎಂದು ಬರೆಸಿದವನೂ ನಾನು. ಪತ್ರ ಮಂಗಳವಾರ ನಿಮ್ಮ ಮನೆ ಸೇರಿತು. ಶಾಲೆಗೆ ಆಗಿನ ನಿಮ್ಮೂರಿನಿಂದ ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಅವನ ಅಪೆಂಡಿಕ್ಸ್ ಒಡೆದದ್ದು ಗುರುವಾರ.

ಇದನ್ನು ನಿನ್ನ ತಾಯಿಗೆ ಓದಿಹೇಳು. ಈ ವಯಸ್ಸಿನಲ್ಲಿ ಅವರಿಗೇಕೆ ಈ ಸಂಕಟ ಎಂದು ನಿನಗೆ ಅನ್ನಿಸಬಹುದು. ಅವರ ಪರವಾಗಿ ಹಾಗೆ ತೀರ್ಮಾನಿಸುವ ಅಧಿಕಾರವನ್ನು ಒಮ್ಮೆ ನಾನು ತೆಗೆದುಕೊಂಡಿದ್ದೆ, ನೀನು ತೆಗೆದುಕೊಳ್ಳಬೇಡ. ಕ್ಷಮೆಯನ್ನು ನಾನು ಕೇಳುತ್ತಿಲ್ಲ.

ಇತಿ,
ವೀರಭದ್ರಪ್ಪ

ತಾ.ಕ.: ಕರಡಿನಲ್ಲಿ ಎರಡು ವಾಕ್ಯಗಳಿದ್ದವು ಎಂದು ಮೇಲೆ ಬರೆದಿದ್ದೇನೆ. ಮೂರಿದ್ದವು. ನಡುವಿನದು: ‘ಮೇಷ್ಟ್ರಿಗೆ ಎರಡು ಸಲ ಹೇಳಿದೆ, ಕವಾಯತು ತಪ್ಪಿಸೋಕೆ ನಾಟಕ ಆಡ್ತೀಯಾ ಅಂದರು.’ ಇದನ್ನೂ ಓದಿಹೇಳು.

ಭಾನುವಾರ, ೧೪ ಸೆಪ್ಟೆಂಬರ್ ೨೦೧೪, ಬೆಳಗ್ಗೆ ೧೧ ಗಂಟೆ ೪೦ ನಿಮಿಷ.