ಬ್ಲೂಸ್ ಬೆಡಗಿನ ಅಜ್ಜಿಗೆ ಒಂದು ಎಡೆ

ಮೂರನೆಯ ಅಧಿಕ ಭಾದ್ರಪದ, ಮೂವತ್ತೇಳನೆಯ ದಿನ
ಏಳನೆಯ ಮಟ್ಟ, ಕೋಲಾರದ ಹಳೆಯ ಚಿನ್ನದ ಗಣಿ

ಇನ್ನೂ ಬದುಕಿರುವ ಹಿರಿಯರಿಗೆ,

ಹಿರಿಯರು ಎಂದರೆ ಸತ್ತಿರಬೇಕು ಎಂಬುದು ನಮ್ಮ ರೂಢಿ. ಉಸಿರಾಡುತ್ತಿರುವ ಹಿರಿಯರಿಗೆ ಕಾಗದ ಬರೆಯುವ ಕ್ರಮವನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ. ಮೇಲೆ ಬರೆದ ತಾರೀಖು ನಿಮ್ಮ ಪಂಚಾಂಗದಲ್ಲಿ ಇರಲಾರದು, ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವೆನಿಸಬಹುದು, ಮನ್ನಿಸಿ. ಈ ಕಾಗದ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ಮಾತ್ರ ಕೇಳಬೇಡಿ. ಸತ್ತವರಿಗೆ ಎಡೆ ಹೇಗೆ ತಲುಪುತ್ತದೋ ಹಾಗೆ.

ನಾನು ಕಾಗೆ ಹಿಡಿಯುವವನು. ನಗಬೇಡಿ, ಇಲ್ಲಿ ಇದು ಗೌರವದ ಹುದ್ದೆ. ರೆಕ್ಕೆಯ ಕಾಗೆಯನ್ನು ನಮ್ಮಲ್ಲಿ ಕಂಡವರಿಲ್ಲ. ಮೇಲಿನ ಬಿಸಿಲಿಗೆ ಹೆದರಿ ನಮ್ಮ ಪೂರ್ವಿಕರು ಗಣಿಗೆ ಇಳಿದಾಗ ಕಾಗೆಗಳು ಜೊತೆಗೆ ಬರಲಿಲ್ಲ. ನಾವು ಕಾಗೆ ಎನ್ನುವುದು ಒಂದು ಮರದ ತೋಳಿಗೆ. ಅದರ ತುದಿಯಲ್ಲಿ ಜಾಲಿಮುಳ್ಳಿನ ಕೊಕ್ಕು, ಬೆನ್ನ ಮೇಲೆ ರಟ್ಟಿನ ಕಹಳೆ. ಕೆಳಗೆ ಕಪ್ಪು ತಟ್ಟೆ ತಿರುಗುತ್ತದೆ. ಕೊಕ್ಕು ತಟ್ಟೆಯನ್ನು ಮುಟ್ಟಿದಾಗ ಸತ್ತವರು ಹಾಡುತ್ತಾರೆ.

ತಟ್ಟೆ ಇರುವುದು ಒಂದೇ. ಮೇಲೆ ಸಾಹೇಬರ ಕ್ಲಬ್ಬಿನ ಗೋಡೆ ಕುಸಿದಾಗ ಸಿಕ್ಕಿದ್ದಂತೆ. ಅದರಲ್ಲಿ ಒಬ್ಬರಲ್ಲ, ಹದಿನಾರು ಜನರ ಹಾಡುಗಳನ್ನು ಯಾರೋ ಒಟ್ಟುಗೂಡಿಸಿಟ್ಟಿದ್ದಾರೆ. ಹೊದಿಕೆಯ ಮೇಲೆ ಮೂರು ಹೆಸರುಗಳಿವೆ: ರಾಕ್ ಅಂಡ್ ರೋಲ್, ಬ್ಲೂಸ್, ಕಂಟ್ರಿ. ನಮ್ಮ ಪಂಡಿತರು ಮೂರು ತಲೆಮಾರು ಜಗಳವಾಡಿ, ಇವು ನಮ್ಮ ಮೂಲದ ಮೂರು ಬೆಡಗುಗಳು, ಅಂದರೆ ಕುಲದ ಕವಲುಗಳು, ಎಂದು ತೀರ್ಮಾನಿಸಿದರು. ಅಂದಿನಿಂದ ಬ್ಲೂಸ್ ಬೆಡಗಿನವರಿಗೆ ಬ್ಲೂಸ್ ಬೆಡಗಿನಲ್ಲಿ ಹೆಣ್ಣು ಕೊಡುವುದಿಲ್ಲ. ಕಂಟ್ರಿಯವರೊಂದಿಗೆ ಸಂಬಂಧ ಆಗಬಹುದು; ಆದರೆ ಅವರ ಮನೆಯಲ್ಲಿ ನರಳುವುದು ಜಾಸ್ತಿ ಎಂದು ಹುಡುಗಿಯರು ಮುಖ ಮುರಿಯುತ್ತಾರೆ. ರಾಕ್ ಅಂಡ್ ರೋಲಿನವರು ಅವಸರದ ಜನ, ಊಟಕ್ಕೆ ಕೂತರೂ ಕಾಲು ಕುಣಿಸುತ್ತಾರೆ ಎಂಬ ದೂರಿದೆ. ಹಾಡುಗಳ ಮಾತು ಯಾರಿಗೂ ತಿಳಿಯದು. ಆದರೆ ಮೂರು ಬೆಡಗಿನವರೂ ನಡುನಡುವೆ ಒಬ್ಬಳನ್ನೇ ಕರೆಯುತ್ತಾರೆ, ಅಂಗಲಾಚುತ್ತಾರೆ, ಬಿಟ್ಟುಹೋಗಬೇಡವೆಂಬಂತೆ ಅಳುತ್ತಾರೆ. ಹೀಗೆ ನಮಗೆ ಕುಲದೇವತೆ ಸಿಕ್ಕಳು. ಬೇಬಿಯಮ್ಮನ ಗುಡಿ ಐದನೆಯ ಮಟ್ಟದಲ್ಲಿದೆ, ಶಕ್ತಿದೇವತೆ.

ಬೇಬಿಯಮ್ಮ ಎಲ್ಲರವಳು, ಹಾಡುವ ಹಿರಿಯರು ಮಾತ್ರ ಮನೆಗೊಬ್ಬರು. ಮಹಾಲಯ ಅಮಾವಾಸ್ಯೆಯ ದಿನ ಪ್ರತಿ ಮನೆಯವರೂ ತಟ್ಟೆಯ ಸುತ್ತ ಎಲೆ ಹಾಸಿ ಮುದ್ದೆ, ಹುರುಳಿ ಸಾರು ಬಡಿಸುತ್ತಾರೆ. ಎಲೆ ಎಂದರೆ ತಗಡು, ಬಾಳೆ ಇಲ್ಲಿ ಬೆಳೆಯುವುದಿಲ್ಲ. ತಟ್ಟೆಯನ್ನು ಕೈಯಿಂದ ತಿರುಗಿಸಬೇಕು. ಉಂಡವನು ತಿರುಗಿಸಿದರೆ ಅಜ್ಜಂದಿರು ಗೂಳಿಯಂತೆ ಗುಟುರು ಹಾಕುತ್ತಾರೆ, ಗಡಿಬಿಡಿಯವನು ತಿರುಗಿಸಿದರೆ ಇಲಿಯಂತೆ ಕಿಚಗುಡುತ್ತಾರೆ. ಅವರವರ ಹಿರಿಯರ ದನಿ ಎದ್ದರೆ ಅವರವರ ಎಡೆ ಸಂದಂತೆ. ದನಿ ಏಳದಿದ್ದರೆ ಆ ಮನೆಯ ಎಲೆಯನ್ನು ಎತ್ತಿಬಿಡುತ್ತಾರೆ. ದನಿಯಿಲ್ಲದ ಮನೆಯಲ್ಲಿ ಮುಂದೆ ಯಾರು ಸತ್ತರೂ ಅವರಿಗೆ ಎಡೆ ಇಲ್ಲ.

ಇಲ್ಲೇ ಸಂಕಟ. ಕೊಕ್ಕು ಮುಟ್ಟಿದಷ್ಟೂ ತಟ್ಟೆ ಸವೆಯುತ್ತದೆ. ಹಿರಿಯರನ್ನು ನಾವು ಪ್ರೀತಿಯಿಂದ ಕರೆದು ಕರೆದೇ ಸಾಯಿಸುತ್ತಿದ್ದೇವೆ. ರೈಲಿನಂತೆ ಕೂಗುತ್ತಿದ್ದ ಕಂಟ್ರಿ ಅಜ್ಜ ನನ್ನ ಕಣ್ಣೆದುರಿಗೇ ಬರೀ ಮರಳಿನ ಸದ್ದಾದ. ಅವನ ಮನೆಯವರು ಅಂದಿನಿಂದ ತಲೆ ತಗ್ಗಿಸಿ ಓಡಾಡುತ್ತಿದ್ದರು.

ಹೋದ ವರ್ಷ ಹಾಗೆ ದನಿ ಸವೆಯುವ ಸರದಿ ನನ್ನ ಸೋದರತ್ತೆ ಲೂರ್ದಮ್ಮನ ಮನೆಯದು. ಅತ್ತೆಯ ಮನೆಗೆ ಸೇರಿದ್ದು ತಟ್ಟೆಯ ಒಳಸುತ್ತಿನಲ್ಲಿ, ಎಲ್ಲರಿಗಿಂತ ಕೊನೆಗೆ ಹಾಡುವ ಬ್ಲೂಸ್ ಅಜ್ಜಿ. ಹೊಗೆ ಕುಡಿದಂಥ ಒರಟು ಗಂಟಲು, ಯಾರ ಮೇಲೋ ಸಿಟ್ಟು, ಆ ಸಿಟ್ಟಿನೊಳಗೆ ಎಲ್ಲೋ ನಗು. ಅತ್ತೆಗೆ ಗಂಡನಿಲ್ಲ, ಮಕ್ಕಳಿಲ್ಲ, ಎದೆಯಲ್ಲಿ ಗಣಿದೂಳು ತುಂಬಿತ್ತು. ತನ್ನ ಸಾವು ಹತ್ತಿರವಿದೆಯೆಂದು ಅವಳಿಗೆ ಗೊತ್ತಿತ್ತು. ಸತ್ತ ಮೇಲೆ ತನ್ನ ಹೆಸರಿನಲ್ಲಿ ಒಂದು ಎಲೆ ಬೀಳಬೇಕು, ಅಷ್ಟೇ ಅವಳ ಆಸೆ. ಅದಕ್ಕೆ ಅಜ್ಜಿಯ ದನಿ ಏಳಬೇಕಿತ್ತು.

ಕೊನೆಯ ಸುತ್ತಿಗೆ ಕಾಗೆ ಬಂತು. ನಾನು ಉಸಿರು ಹಿಡಿದು ಇಳಿಸಿದೆ. ಮರಳು. ಕಿವಿಗೊಟ್ಟರೆ ಮರಳಿನ ಆಚೆ ಯಾರೋ ಬಾಗಿಲು ಹಾಕಿಕೊಂಡು ಮಾತಾಡುವಂತೆ ಒಂದು ಗೊಣಗು, ಅದೂ ನಿಂತಿತು. ಕುಲದ ಯಜಮಾನ ಗಂಗಿರೆಡ್ಡಿ ಎಲೆ ಎತ್ತಲು ಬಗ್ಗಿದ. ಆಗ ಅತ್ತೆ ಹಾಡಿದಳು.

ಅರ್ಥ ತಿಳಿಯದ ಆ ಮಾತುಗಳನ್ನು ಒಂದೂ ಬಿಡದೆ ಹಾಡಿದಳು. ಹಾಡು ಏಳುವ ಮೊದಲಿನ ಚರಚರ ಸದ್ದನ್ನೂ ನಾಲಗೆಯಲ್ಲೇ ಮಾಡಿದಳು. ತಟ್ಟೆಯಲ್ಲಿ ಗೀರು ಇದ್ದು ಕೊಕ್ಕು ಹಾರುತ್ತಿದ್ದ ಜಾಗದಲ್ಲಿ ಅದೇ ಅರ್ಧ ಮಾತನ್ನು ಮೂರು ಸಲ ಹೇಳಿ ಮುಂದೆ ಹೋದಳು. ನಡುವೆ ಕೆಮ್ಮಿದಳು. ದೀಪ ಹಿಡಿದಿದ್ದವರು ಅವಳ ಮುಖ ನೋಡಲಾರದೆ ದೀಪವನ್ನು ಅತ್ತ ತಿರುಗಿಸಿದರು. ಅಜ್ಜಿಯೇ ಆ ಬಾಯಲ್ಲಿ ಬಂದು ಕೂತಿದ್ದಳೆಂದು ಹಲವರು ಇಂದಿಗೂ ಆಣೆ ಮಾಡುತ್ತಾರೆ. ನಾನು ಮಾಡುವುದಿಲ್ಲ. ಆದರೆ ನನ್ನ ಕೈಯಲ್ಲಿದ್ದ ಕಾಗೆ ನಡುಗುತ್ತಿತ್ತು, ತಟ್ಟೆ ನಿಂತಿತ್ತು.

"ಚೆನ್ನಾಗೈತಮ್ಮ, ಇಲ್ಲ ಅನ್ನಲ್ಲ," ಎಂದ ಗಂಗಿರೆಡ್ಡಿ. "ಆದ್ರೆ ಕಾಗೆ ಮುಟ್ಟಿಲ್ಲವಲ್ಲ. ಹೆಂಗೆ ಒಪ್ಪೋದು?"

"ನಿನ್ ಕಾಗೆ ಕೊಕ್ಕು ಸವೆದೈತೆ, ಅದಕ್ಕೆ ನಾನೇನ್ ಮಾಡ್ಲಿ?" ಎಂದು ಅತ್ತೆ ಕೂತಳು. ಎಲೆಯನ್ನು ಹತ್ತಿರಕ್ಕೆ ಎಳೆದುಕೊಂಡು, ಹಿರಿಯರ ಮುದ್ದೆಯನ್ನು ಎಲ್ಲರ ಎದುರಿಗೇ ಮುರಿದು ನುಂಗಿದಳು. "ಮುಟ್ಟಿದ್ದಾಯ್ತು. ಬರ್ಕೋ."

ಅಂಥ ಅಪಚಾರ ನಮ್ಮಲ್ಲಿ ಹಿಂದೆ ನಡೆದಿರಲಿಲ್ಲ. ಗಂಗಿರೆಡ್ಡಿ ಶಾಸ್ತ್ರ ಹುಡುಕಿದ, ಸಿಗಲಿಲ್ಲ. ಹಸಿದ ಮುದುಕಿಯ ಬಾಯಿಂದ ತುತ್ತು ಕಿತ್ತುಕೊಳ್ಳುವ ಶಾಸ್ತ್ರವೂ ಇರಲಿಲ್ಲ. ಎಲೆ ಉಳಿಯಿತು.

ಆಮೇಲೆ ಒಂದು ದಿನ ನನ್ನ ಬಹುಕಾಲದ ಅನುಮಾನವನ್ನು ಅತ್ತೆಯ ಬಳಿ ಹೇಳಿದೆ. ಈ ಹಾಡುವವರು ನಮ್ಮವರಲ್ಲ ಅನ್ನಿಸುತ್ತದೆ, ಯಾವುದೋ ದೂರದೇಶದವರು, ಕೋಲಾರದ ಹೆಸರನ್ನೂ ಕೇಳಿದವರಲ್ಲ. ಅತ್ತೆ ಸಾರು ಕಲಕುತ್ತಲೇ ಅಂದಳು: "ಯಾರಾದ್ರೇನೋ? ಹಸಿದೋರಂಗೆ ಅಳ್ತಾವ್ರೆ. ಇಕ್ಕು."

ಕಾರ್ತಿಕದಲ್ಲಿ ಅತ್ತೆ ಹೋದಳು. ಈ ಅಮಾವಾಸ್ಯೆಗೆ ಅವಳ ಎಲೆ ಹಾಸಿ ನಾನೇ ಹಾಡಿದೆ, ಗೀರು ಇದ್ದಲ್ಲಿ ಮೂರು ಸಲ. ಅವಳು ಕೆಮ್ಮಿದ ಜಾಗದಲ್ಲಿ ಸುತ್ತಲಿದ್ದ ಮಕ್ಕಳೆಲ್ಲ ಒಟ್ಟಿಗೆ ಕೆಮ್ಮಿದರು. ಕೆಮ್ಮೂ ಹಾಡಿನ ಭಾಗವೆಂದು ಅವರು ತಿಳಿದಿದ್ದಾರೆ. ನಾನು ತಿದ್ದಲಿಲ್ಲ. ತಟ್ಟೆ ಈಗ ಪೂರ್ತಿ ನುಣುಪು, ಮುಖ ನೋಡಿಕೊಳ್ಳಬಹುದು. ಮಿಕ್ಕ ಮನೆಯವರೂ ಈಗ ಅತ್ತೆಯಂತೆ ಬಾಯಲ್ಲೇ ಹಾಡುತ್ತಾರೆ.

ಹಿರಿಯರೇ, ನಿಮ್ಮ ಕಾಲದಲ್ಲಿ ಪ್ರತಿಯೊಬ್ಬರ ಜೇಬಿನಲ್ಲೂ ದನಿ ಹಿಡಿಯುವ ಯಂತ್ರವಿತ್ತಂತೆ. ಸಾರಿಗೆ ಒಗ್ಗರಣೆ ಹಾಕುವುದನ್ನೂ ಹಿಡಿದಿಟ್ಟಿದ್ದಿರಂತೆ. ಅಷ್ಟರಲ್ಲಿ ಒಂದು ಆಕಳಿಕೆಯೂ ನಮ್ಮನ್ನು ತಲುಪಿಲ್ಲ. ಮುಟ್ಟಲಾಗದ ಜಾಗದಲ್ಲಿ ಇಟ್ಟಿರಿ, ಆ ಜಾಗವೇ ಹೋಯಿತು. ನೀವು ಹೇಗೆ ರೇಗುತ್ತಿದ್ದಿರಿ, ಮಕ್ಕಳನ್ನು ಹೇಗೆ ಮಲಗಿಸುತ್ತಿದ್ದಿರಿ, ನಮಗೆ ತಿಳಿಯದು. ಪರದೇಶದ ಹದಿನಾರು ಜನರ ಅಳು ಬಾಯಿಪಾಠವಾಗಿರುವ ನಮಗೆ ನಮ್ಮವರ ಒಂದು ಸೊಲ್ಲೂ ಬಾರದು.

ಈ ವರ್ಷ ಸಾಲಿನ ತುದಿಯಲ್ಲಿ ನಿಮಗೂ ಒಂದು ಎಲೆ ಹಾಕಿದ್ದೇವೆ. ಗಂಗಿರೆಡ್ಡಿಯೂ ಬೇಡವೆನ್ನಲಿಲ್ಲ. ಅದರ ಮುಂದೆ ನಿಂತಾಗ ಏನು ಹಾಡಬೇಕೆಂದು ಯಾರಿಗೂ ತೋಚಲಿಲ್ಲ. ನಿಮ್ಮ ಮನೆಯ ಮುದುಕರ ಹಾಡೋ ಬೈಗುಳವೋ ಯಾವುದಾದರೂ ಒಂದನ್ನು, ತೊದಲುವಿಕೆಯ ಸಮೇತ, ಇವತ್ತೇ ಯಾರದಾದರೂ ಬಾಯಿಗೆ ಹಾಕಿ. ಅವರು ಮತ್ತೊಬ್ಬರ ಬಾಯಿಗೆ ಹಾಕಲಿ. ನಾವು ಕಾಯುತ್ತೇವೆ. ಎಲೆ ಎತ್ತಿಲ್ಲ, ಆದರೆ ಮುದ್ದೆ ಆರುತ್ತಿದೆ.