ನಾನೇ ಬರೆದ ಬೋರ್ಡಿನ ಕೆಳಗೆ ನಾನು ಹೇಳಿದ ಸುಳ್ಳು

ಆಸ್ಪತ್ರೆಯ ಮೇಲಧಿಕಾರಿಗಳಾದ ಮಾನ್ಯರೇ,

ನಿಮ್ಮ ತುರ್ತು ಚಿಕಿತ್ಸಾ ವಿಭಾಗದ ಕೌಂಟರಿನ ಮೇಲಿರುವ ಬೋರ್ಡನ್ನು ಮೊದಲು ಇಳಿಸಿ. ‘ಮಾದಕ ವಸ್ತು ಸೇವಿಸಿ ಬಂದವರ ವಿವರ ಪೊಲೀಸರಿಗೆ ಹೋಗುತ್ತದೆ’ ಎಂಬ ಆ ಕೆಂಪಕ್ಷರಗಳನ್ನು ಬರೆದವನು ನಾನೇ. ಇಪ್ಪತ್ತು ಅಡಿ ದೂರಕ್ಕೆ ಕಾಣಬೇಕು ಎಂದಿರಿ. ಮೂವತ್ತು ಅಡಿಗೂ ಕಾಣುವಂತೆ ಬರೆದುಕೊಟ್ಟು, ಮೀಸೆ ತಿರುವಿಕೊಂಡು ಮನೆಗೆ ಹೋದೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಮಾಡಿದವನು ನಾನು, ಉಣ್ಣುತ್ತಿರುವವಳು ಮಗಳು.

ಅವಳು ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಕಳೆದ ತಿಂಗಳು ರಜೆಯ ದಿನ ಗೆಳತಿಯ ಕೋಣೆಯಲ್ಲಿ, ಮಜಾ ಬರುತ್ತದೆಂದು ಯಾರೋ ಕೊಟ್ಟ ಪುಡಿ ಸೇವಿಸಿ, ಬರಿನೆಲದ ಮೇಲೆ ಕಾಲು ಮಡಚಿಕೊಂಡೇ ಹತ್ತು ಗಂಟೆ ಎಚ್ಚರವಿಲ್ಲದೆ ಬಿದ್ದಿದ್ದಳು. ನಿದ್ದೆ ಎಂದುಕೊಂಡ ಗೆಳತಿ ಚಾದರ ಹೊದಿಸಿದಳಂತೆ. ನಿಮ್ಮಲ್ಲಿಗೆ ಕರೆತಂದಾಗ ತೊಡೆ ಮರದ ಕೊರಡಿನಂತೆ ಗಟ್ಟಿಯಾಗಿ ಊದಿತ್ತು. ಮೂತ್ರ ಹಾಲಿಲ್ಲದ ಚಹಾದ ಬಣ್ಣಕ್ಕೆ ತಿರುಗಿತ್ತು.

“ಏನಾಯ್ತಮ್ಮ?” ಎಂದರು ನರ್ಸ್. ಮಗಳು ಬಾಯಿ ತೆರೆದಳು. ನನ್ನ ಕಣ್ಣು ಬೋರ್ಡಿನ ಮೇಲೆ ಬಿತ್ತು. ಅವಳ ಭುಜ ಒತ್ತಿ ಹಿಡಿದು, “ಮೆಟ್ಲಿಂದ ಜಾರಿ ಬಿದ್ಲು ಸಿಸ್ಟರ್” ಎಂದೆ. ಮೂತ್ರದ ಮಾತನ್ನೂ ನುಂಗಿಕೊಂಡೆ. ಎಲುಬು ಮುರಿದಿಲ್ಲವೆಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಮೂರನೆಯ ದಿನ ಮೂತ್ರವೇ ನಿಂತಿತು. ಮತ್ತೆ ಹೊತ್ತು ತಂದು, ಅಳುತ್ತಾ ನಿಜ ಹೇಳಿದೆ. ಡಾಕ್ಟರು ತಲೆ ಹಿಡಿದುಕೊಂಡರು. “ಹತ್ತು ಗಂಟೆ ಮೈಭಾರ ಬಿದ್ದು ತೊಡೆಯ ಸ್ನಾಯು ಸತ್ತು ಒಡೆದಿದೆ, ಆ ಕಸವೆಲ್ಲ ರಕ್ತಕ್ಕೆ ಸೇರಿ ಕಿಡ್ನಿ ಕೆಟ್ಟಿದೆ. ಅವತ್ತೇ ಹೇಳಿದ್ರೆ ಸಲೈನ್ ಹಾಕ್ತಿದ್ವಿ. ಕಿಡ್ನಿಗೆ ಹೊಡೆತ ಕೊಡೋ ಆ ನೋವಿನ ಮಾತ್ರೆನಂತೂ ಕೊಡ್ತಾನೇ ಇರ್ಲಿಲ್ಲ.”

ಪೊಲೀಸರು ಯಾವಾಗ ಬರುತ್ತಾರೆಂದು ನಿಮ್ಮ ಗುಮಾಸ್ತರನ್ನು ಕೇಳಿದೆ. ಅವರು ನಕ್ಕರು. “ಅಂಥ ನಿಯಮ ಏನೂ ಇಲ್ಲ ಯಜಮಾನ್ರೇ. ಇವತ್ತಿನವರೆಗೆ ಒಂದು ಕಾಗದನೂ ಹೋಗಿಲ್ಲ. ಜನ ಹೆದರ್ಲಿ ಅಂತ ಸಾಹೇಬ್ರು ಹಾಕ್ಸಿದ್ದು.”

ಅಭಿನಂದನೆಗಳು, ಮಾನ್ಯರೇ. ಜನ ಹೆದರಿದ್ದಾರೆ. ಪುಡಿಗಲ್ಲ, ನಿಮ್ಮ ನರ್ಸಿಗೆ. ಪುಡಿ ಸೇವಿಸುವವರು ಮೊದಲು ನಿಮ್ಮ ಕೌಂಟರಿಗೆ ಬಂದು ಬೋರ್ಡು ಓದಿಕೊಂಡು ಹೋಗುತ್ತಾರೆಂದು ತಿಳಿದಿದ್ದಿರೇ? ನಿನ್ನೆಯಷ್ಟೇ ಒಬ್ಬರು ತಮ್ಮನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು, ತಲೆಯೆತ್ತಿ ಓದಿದರು, ಹೆಂಡತಿಯ ಕಿವಿಯಲ್ಲಿ ಏನೋ ಅಂದರು. ಆಮೇಲೆ, “ಬಿಸಿಲಿಗೆ ತಲೆ ತಿರುಗ್ತು” ಎಂದರು. ಆ ಸುಳ್ಳಿನ ಗುರುತು ನನಗಿದೆ. “ಸ್ವಾಮಿ, ನಿಜ ಹೇಳಿಬಿಡಿ, ಏನೂ ಆಗಲ್ಲ” ಎಂದು ಬೇಡಿಕೊಂಡೆ. “ನಿಮಗ್ಯಾಕ್ರೀ?” ಎಂದು ಬೋರ್ಡು ತೋರಿಸಿದರು.

ಮಗಳಿಗೆ ಈಗ ದಿನ ಬಿಟ್ಟು ದಿನ ಡಯಾಲಿಸಿಸ್. ಕಿಡ್ನಿ ಚೇತರಿಸಬಹುದು, ಚೇತರಿಸದೆಯೂ ಇರಬಹುದು. ಯಂತ್ರ ಕೂಗಿದರೆ ನನಗೆ ಭಯ, ಸುಮ್ಮನಿದ್ದರೂ ಭಯ. ನರ್ಸ್ ಮೂತ್ರದ ಅಳತೆ ನೋಡುವಾಗ ಗೋಡೆಯ ಕಡೆ ತಿರುಗಿಬಿಡುತ್ತೇನೆ. ಇಂದು ಬೆಳಗ್ಗೆ ಕೇವಲ ಎರಡು ಚಮಚ.

ಬೋರ್ಡು ಇಳಿಸಿ. ಅದೇ ಹಲಗೆಯ ಮೇಲೆ, ಅಷ್ಟೇ ದಪ್ಪ ಅಕ್ಷರಗಳಲ್ಲಿ ಬೇರೆ ಬರೆದುಕೊಡುತ್ತೇನೆ: ‘ಏನೇ ಸೇವಿಸಿದ್ದರೂ ಹೇಳಿ. ಯಾರಿಗೂ ತಿಳಿಸುವುದಿಲ್ಲ.’ ಏನು ಬರೆಯಲಿ ಎಂದು ಮಗಳನ್ನೇ ಕೇಳಿದೆ. ಈ ಎರಡು ಸಾಲನ್ನು ಹೇಳಿಕೊಟ್ಟು ಅಂದಳು: “ಅಪ್ಪಾ, ಅವತ್ತು ನಾನು ಹೇಳೋಳೇ ಇದ್ದೆ.”

ಇಂತಿ,
ಮಗಳ ಭುಜ ಒತ್ತಿ ಹಿಡಿದ
ನಿಮ್ಮ ಬೋರ್ಡಿನ ಪೇಂಟರ್